ಎಣ್ಣೆಯವನು ಸೋಸಿದ ಮಾತು

“ಸರ್, ಕೆಟ್ಟದ್ದನ್ನ ತಗದು ಛಲೋದನ್ನಷ್ಟ ಉಳಿಸಿದ್ರ ಅದರಾಗ ತಪ್ಪೇನೈತ್ರಿ?”

ಪ್ರಶ್ನೆ ಕೇಳಿದವಳು ದಾಕ್ಷಾಯಣಿ. ಕೇಳಿದ್ದು ಸಂಕಲನದ ಕೋಣೆಯ ಹೊಸ್ತಿಲಲ್ಲಿ ನಿಂತು, ಒಂದು ಕಾಲು ಒಳಗೆ, ಇನ್ನೊಂದು ಹೊರಗೆ. ಒಳಗೆ ಬಂದು ಕೂತು ಕೇಳುವಷ್ಟು ಸಮಾಧಾನ ಅವಳಿಗಿರಲಿಲ್ಲ. ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಯಾರಾದರೂ ಮಾತಾಡಿಸಿದರೆ ಮೈ ಉರಿಯುತ್ತಿತ್ತು, ಮಾತಾಡಿಸದಿದ್ದರೆ ಇನ್ನೂ ಉರಿಯುತ್ತಿತ್ತು.

ಹಂಚಿನಮನಿ ಸರ್ ಮಧ್ಯಾಹ್ನದ ಊಟ ಮುಗಿಸಿ ಬಡೇಸೋಂಪು ಅಗಿಯುತ್ತಿದ್ದರು. ಧಾರವಾಡದ ಆ ಸಣ್ಣ ಸಿನಿಮಾ ಶಾಲೆಯಲ್ಲಿ ಸಂಕಲನ, ಅಂದರೆ ಎಡಿಟಿಂಗ್, ಕಲಿಸುವವರು ಅವರೇ. ಸಿನಿಮಾ ಎಂದರೆ ಕೈಯಲ್ಲಿ ಹಿಡಿಯುವ ರೀಲು ಆಗಿದ್ದ ಕಾಲದಲ್ಲಿ ಕತ್ತರಿ, ಅಂಟುಪಟ್ಟಿ ಹಿಡಿದು ದುಡಿದವರು. ಈಗ ಕಂಪ್ಯೂಟರಿನ ಮುಂದೆ ಕೂತ ಹುಡುಗರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರು ಪಾಠ ಎಂದು ಮಾಡಿದ್ದು ಕಡಿಮೆ. “ಒಂದು ಪಿಚ್ಚರ್ ಮಾಡ್ರಿ, ಕೆಡಸ್ರಿ, ಮತ್ತೊಂದು ಮಾಡ್ರಿ” ಎನ್ನುವುದೇ ಅವರ ಪಾಠ. ಹುಡುಗರು ಮಾಡಿ ತಂದದ್ದನ್ನು ಪೂರ್ತಿ ನೋಡುತ್ತಿದ್ದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ ಎದ್ದು ಹೋಗುತ್ತಿದ್ದರು. ಆ ಪ್ರಶ್ನೆ ಕಟ್ಟಿಕೊಂಡು ಹುಡುಗರು ವಾರಗಟ್ಟಲೆ ಒದ್ದಾಡಬೇಕು.

ದಾಕ್ಷಾಯಣಿಯೂ ಹಾಗೆ ಒದ್ದಾಡಿಯೇ ಕಲಿತವಳು. ಅವಳ ಮೊದಲ ಪಿಚ್ಚರಿನಲ್ಲಿ ಒಬ್ಬ ಬಾಗಿಲಿಗೆ ಕೈ ಹಾಕುತ್ತಿದ್ದ. ಕ್ಯಾಮರಾ ಒಳಗಡೆಯಿಂದ ತೋರಿಸಿದಾಗ ಅದೇ ಬಾಗಿಲಿಗೆ ಮತ್ತೊಮ್ಮೆ ಕೈ ಹಾಕುತ್ತಿದ್ದ. “ಈ ಮನುಷ್ಯಾಗ ಕೈ ಎಷ್ಟು?” ಎಂದು ಕೇಳಿ ಸರ್ ಹೊರಟುಹೋದರು. ಅವಳಿಗೆ ನಾಚಿಕೆಯಾಯಿತು; ಕೈ ಚಲಿಸುತ್ತಿರುವಾಗಲೇ ಕತ್ತರಿಸಿ ಜೋಡಿಸುವುದನ್ನು ಕಲಿತಳು. ಎರಡನೆಯ ಪಿಚ್ಚರಿನಲ್ಲಿ ಬರೀ ಮಾತಾಡುವವರ ಮುಖಗಳು. “ಕೇಳೋರು ಎಲ್ಲಿ ಹೋದ್ರು?” ಅಂದರು. ಕೇಳುವವರ ಮುಖ ತೋರಿಸುತ್ತ ಅದರ ಮೇಲೆ ಮಾತು ಹರಿಸುವುದನ್ನು ಕಲಿತಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಉಳಿದ ಹುಡುಗರು ತಮ್ಮ ಪಿಚ್ಚರು ಹಿಡಿದುಕೊಂಡು ಅವಳ ಬೆನ್ನು ಬೀಳುತ್ತಿದ್ದರು. ಕೆಮ್ಮು, ತೊದಲು, ಹೇಳಿದ್ದನ್ನೇ ಹೇಳುವುದು, ಎಲ್ಲವನ್ನೂ ನೋಡುವವರಿಗೆ ಗೊತ್ತೇ ಆಗದ ಹಾಗೆ ಎತ್ತಿಬಿಡುತ್ತಿದ್ದಳು. ಹೊಗಳಿಕೆ ಸ್ವಲ್ಪ ತಲೆಗೂ ಏರಿತ್ತು ಎನ್ನಿ. ಆ ವಯಸ್ಸಿನಲ್ಲಿ ಏರದೆ ಇನ್ಯಾವಾಗ ಏರಬೇಕು?

ಆ ಮೂರನೆಯ ಪಿಚ್ಚರು ಶಂಕ್ರವ್ವನದು. ಶಂಕ್ರವ್ವ ಖಾನಾವಳಿ ನಡೆಸುತ್ತಿದ್ದವಳು. ಓದುವ ಹುಡುಗ ಹುಡುಗಿಯರು, ಒಂಟಿ ಗುಮಾಸ್ತರು, ಊರಿಗೆ ಹೊಸದಾಗಿ ಬಂದ ಮಾಸ್ತರರು, ಎಷ್ಟೋ ಜನ ಅವಳ ಕೈಯ ಜೋಳದ ರೊಟ್ಟಿ ತಿಂದು, ಅವಳ ಬಾಯಿಂದ ಬೈಸಿಕೊಂಡು ದೊಡ್ಡವರಾಗಿದ್ದರು. ತಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ಬೈಗುಳ. ತಡವಾಗಿ ಬಂದರೆ ಬೈಗುಳ. ಪರೀಕ್ಷೆ ಹತ್ತಿರ ಬಂದಾಗ ಹರಟೆ ಕೊಚ್ಚುತ್ತ ಕೂತರೆ ಪಕ್ಕದ ಓಣಿಗೂ ಕೇಳುವ ಹಾಗೆ ಬೈಗುಳ. ದಾಕ್ಷಾಯಣಿಯೂ ಕಾಲೇಜಿನ ದಿನಗಳಿಂದ ಅಲ್ಲೇ ಉಂಡವಳು, ಅವಳಿಂದ ಬೇಕಾದಷ್ಟು ಬೈಸಿಕೊಂಡವಳು. ಈ ವರ್ಷ ಶಂಕ್ರವ್ವನ ಮೊಣಕಾಲು ಸೋತವು. ಖಾನಾವಳಿ ಮುಚ್ಚುತ್ತದೆ ಎಂದು ಗೊತ್ತಾದಾಗ ದಾಕ್ಷಾಯಣಿ ಕ್ಯಾಮರಾ ಎತ್ತಿಕೊಂಡು ಹೋಗಿ ಕೊನೆಯ ದಿನಗಳನ್ನೆಲ್ಲ ಹಿಡಿದಿಟ್ಟಳು. ಈಗ ಒಲೆ ಕಿತ್ತಾಗಿತ್ತು. ಆ ಜಾಗದಲ್ಲಿ ಯಾರೋ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದರು. ಶಂಕ್ರವ್ವನ ಖಾನಾವಳಿ ಎನ್ನುವುದು ಇನ್ನು ಉಳಿದದ್ದು ದಾಕ್ಷಾಯಣಿಯ ಪಿಚ್ಚರಿನಲ್ಲಿ ಮಾತ್ರ.

ನಾಡಿದ್ದು ಶಾಲೆಯ ಸಭಾಂಗಣದಲ್ಲಿ ಆ ಪಿಚ್ಚರು ತೋರಿಸಬೇಕು. ಅಲ್ಲಿ ಉಂಡು ಹೋದ ಹಳೆಯ ಹುಡುಗರು, ಈಗ ತಲೆ ನರೆತವರು, ಎಲ್ಲೆಲ್ಲಿಂದಲೋ ಬರುವವರಿದ್ದರು. ಶಂಕ್ರವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಎಲ್ಲರೂ ಎದ್ದು ನಿಂತು ಕೈ ಮುಗಿಯುವ ಹಾಗೆ ಮಾಡಬೇಕು ಎಂಬುದು ದಾಕ್ಷಾಯಣಿಯ ಆಸೆ. ಅಷ್ಟು ಜನರ ಮುಂದೆ ಅವಳು ಬಾಯಿಬಡುಕಿಯಾಗಿ ಕಾಣಬಾರದು. ಅದಕ್ಕೇ ಬೈಗುಳಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದಳು. ರೊಟ್ಟಿ ಬಡಿಯುವ ಕೈ ಉಳಿಯಿತು. ಹೊಗೆಯ ನಡುವೆ ನಗುವ ಮುಖ ಉಳಿಯಿತು. “ಹಸದು ಬಂದವರಿಗೆ ಉಣ್ಣಾಕ ಹಾಕೂದ ದೊಡ್ಡದು” ಎಂಬ ಮಾತು ಉಳಿಯಿತು. ಆ ಮಾತಿನ ಹಿಂದೆಯೇ ಯಾರಿಗೋ “ಏ ಖೋಡಿ, ಕೈ ತೊಳಕೊಂಡು ಬಾ” ಎಂದು ಗದರಿದ್ದು ಹೋಯಿತು. ಜೋಡಣೆ ಎಷ್ಟು ನಯವಾಗಿತ್ತೆಂದರೆ ಅಲ್ಲಿ ಏನೋ ಇತ್ತು ಎನ್ನುವುದು ಯಾರಿಗೂ ತಿಳಿಯುವಂತಿರಲಿಲ್ಲ.

ಅವಳ ತರಗತಿಯಲ್ಲಿ ನಾಲ್ವರಿಗೆ ಸೇರಿ ಒಂದೇ ಹಾರ್ಡ್ ಡಿಸ್ಕು. ಅದು ತುಂಬಿ ತುಳುಕುತ್ತಿತ್ತು. “ನಿನ್ನ ಬ್ಯಾಡಾದ್ದು ತಗದು ನನಗ ಒಂದೀಟು ಜಾಗಾ ಮಾಡಿಕೊಡ” ಎಂದು ಗೆಳೆಯನೊಬ್ಬ ಗಂಟುಬಿದ್ದ. ದಾಕ್ಷಾಯಣಿ ಕತ್ತರಿಸಿ ತೆಗೆದ ಬೈಗುಳಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಲಕ್ಕೆ ಅಳಿಸಿದಳು. ಅಂಗಳ ಗುಡಿಸಿ ಮುಗಿಸಿದವಳ ಹಾಗೆ ಅವಳಿಗೆ ಹಗುರವಾಯಿತು. ಕ್ಯಾಮರಾದ ಕಾರ್ಡುಗಳು ಅಷ್ಟರಲ್ಲಾಗಲೇ ಬೇರೆ ಹುಡುಗರ ಪಾಲಾಗಿ, ಅವುಗಳಲ್ಲಿದ್ದದ್ದೂ ಅಳಿಸಿಹೋಗಿತ್ತು.

ಮೊನ್ನೆ ಸಂಜೆ ಅವಳು ಲ್ಯಾಪ್‌ಟಾಪು ಹಿಡಿದುಕೊಂಡು ಶಂಕ್ರವ್ವನಿಗೆ ಪಿಚ್ಚರು ತೋರಿಸಲು ಹೋದಳು. ಶಂಕ್ರವ್ವ ಈಗ ತಂಗಿಯ ಮನೆಯಲ್ಲಿದ್ದಳು. ಶುರುವಿನಿಂದ ಕೊನೆಯವರೆಗೆ ಮಿಸುಕಾಡದೆ ನೋಡಿದಳು. ನೋಡಿ ಮುಗಿಸಿ, “ಈ ಹೆಣ್ಮಗಳು ಭಾಳ ಸಂಭಾವಿತಳಂಗ ಕಾಣಸ್ತಾಳ ನೋಡ್ರಿ” ಅಂದಳು. ಆಮೇಲೆ ಒಳಗೆ ಹೋಗಿ, ಬಂದ ಅತಿಥಿಗೆ ಕೊಡುವ ಹಾಗೆ ಕಪ್ಪಿನ ಕೆಳಗೆ ಬಸಿ ಇಟ್ಟು ಚಹಾ ತಂದು ಎರಡೂ ಕೈಯಿಂದ ಕೊಟ್ಟಳು. ಇಷ್ಟು ವರ್ಷ ಚಹಾದ ಗ್ಲಾಸನ್ನು ಟಕ್ಕನೆ ಮುಂದೆ ಕುಕ್ಕುತ್ತಿದ್ದವಳು ಅವಳು. ಒಂದು ಹನಿ ಚೆಲ್ಲಿದರೆ “ಕಣ್ಣ ಎಲ್ಲಿಟ್ಟೀ?” ಎಂದು ಮೇಲೆ ಬೀಳುತ್ತಿದ್ದವಳು. ದಾಕ್ಷಾಯಣಿಯ ಕೈ ಜಾರಿ ಹೊಸ ಚಾಪೆಯ ಮೇಲೆ ಚಹಾ ಚೆಲ್ಲಿತು. “ಇರ್ಲಿ ಬಿಡ್ರಿ, ಏನೂ ಆಗೂದಿಲ್ಲ” ಎಂದು ಶಂಕ್ರವ್ವ ತಾನೇ ಒರೆಸಿದಳು.

ಹೊಗಳಿದಳೆಂದು ದಾಕ್ಷಾಯಣಿ ಖುಷಿಯಿಂದಲೇ ಹೊರಟಳು. ಓಣಿಯ ತಿರುವು ದಾಟುವಷ್ಟರಲ್ಲಿ ಆ ಖುಷಿ ಇಳಿದುಹೋಯಿತು. ಯಾಕೆಂದು ಗೊತ್ತಿಲ್ಲ. ಅಂಗಾಲಿನಲ್ಲಿ ಮುರಿದ ಮುಳ್ಳಿನ ಹಾಗೆ ಏನೋ ಚುಚ್ಚತೊಡಗಿತು, ಎಲ್ಲಿ ಎಂದು ಕೈಗೆ ಸಿಗುತ್ತಿರಲಿಲ್ಲ. ಮರಳಿ ಬಂದು ಪಿಚ್ಚರು ಬಿಚ್ಚಿದಳು. ಹಾರ್ಮೋನಿಯಂ ತೆಗೆದು ಕೊಳಲು ಹಾಕಿದಳು. ಕೊಳಲು ತೆಗೆದು ಹಾರ್ಮೋನಿಯಂ ಹಾಕಿದಳು. ಮೊದಲಿನದನ್ನು ಕೊನೆಗೆ ಒಯ್ದಳು, ಕೊನೆಯದನ್ನು ಮೊದಲಿಗೆ ತಂದಳು. ಎಲ್ಲೂ ತಪ್ಪಿಲ್ಲ, ಎಲ್ಲೂ ಸರಿಯಿಲ್ಲ. ತಾನೇ ಮಾಡಿದ ಜೋಡಣೆಗಳು ಕಾಣುತ್ತಿದ್ದವು, ಶಂಕ್ರವ್ವ ಕಾಣುತ್ತಿರಲಿಲ್ಲ. ಎರಡು ದಿನ ಹೀಗೆ ಹಾಕಿ ತೆಗೆದು, ತೆಗೆದು ಹಾಕಿ, ತಲೆ ಕೆಟ್ಟು, ಈಗ ಸರ್ ಎದುರು ನಿಂತಿದ್ದಳು.

“ಒಳಗ ಬಾ. ಕುಂಡ್ರು ಮೊದಲ” ಎಂದರು ಸರ್.

ಕೂತಳು. ಕೂತದ್ದು ಕುರ್ಚಿಯ ತುದಿಯಲ್ಲಿ. ಶಂಕ್ರವ್ವ ಹೇಳಿದ್ದು, ಕಪ್ಪು ಬಸಿ ತಂದದ್ದು, ತನಗೆ ಊಟ ಸೇರದೆ ಹೋದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಡಿಸ್ಕಿನಿಂದ ಅಳಿಸಿದ್ದೊಂದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ; ಅದು ಹೇಳುವಂಥ ಸಂಗತಿ ಎಂದೇ ಅವಳಿಗೆ ಹೊಳೆದಿರಲಿಲ್ಲ.

ಅವಳ ಕುರ್ಚಿಯ ಪಕ್ಕದಲ್ಲಿ, ಗೋಡೆಯ ಮೂಲೆಗೆ, ಸರ್ ಅವರ ಹಳೆಯ ಪೆಟ್ಟಿಗೆಯಿತ್ತು. ಮೇಲೆ ಮುಚ್ಚಳವಿಲ್ಲ, ಒಳಗೆಲ್ಲ ಬಿಳಿ ಬಟ್ಟೆಯ ಅಸ್ತರು. ಪೆಟ್ಟಿಗೆಯ ಮೇಲೆ ಅಡ್ಡಪಟ್ಟಿ, ಪಟ್ಟಿಯ ತುಂಬ ಸಣ್ಣ ಮೊಳೆಗಳು. ರೀಲಿನ ಕಾಲದಲ್ಲಿ ಕತ್ತರಿಸಿ ತೆಗೆದ ತುಂಡುಗಳನ್ನು ಆ ಮೊಳೆಗಳಿಗೆ ನೇತುಹಾಕುತ್ತಿದ್ದರಂತೆ. ಪಿಚ್ಚರು ಥೇಟರಿಗೆ ಹೋಗುವವರೆಗೆ ಒಂದು ತುಂಡನ್ನೂ ಎಸೆಯುತ್ತಿರಲಿಲ್ಲವಂತೆ. ಹುಡುಗರು ಅದಕ್ಕೆ ಸರ್ ಅವರ ಕಸದ ಬುಟ್ಟಿ ಎಂದು ಹೆಸರಿಟ್ಟಿದ್ದರು. ಒಮ್ಮೆ ಒಬ್ಬ ಅದರೊಳಗೆ ಚಹಾದ ಕಾಗದದ ಕಪ್ಪು ಎಸೆದಾಗ, ಸರ್ ಬಗ್ಗಿ ಅದನ್ನೆತ್ತಿ ಅವನ ಅಂಗಿಯ ಜೇಬಿಗೇ ಇಟ್ಟಿದ್ದರು. ಬೈದಿರಲಿಲ್ಲ.

ಸರ್ ಬಾಯಲ್ಲಿದ್ದ ಸೋಂಪು ನುಂಗಿದರು. ಕತೆ ಹೇಳುವಾಗ ಅವರು ಮನೆಯ ಮಾತು ಬಿಟ್ಟು ಪುಸ್ತಕದ ಮಾತು ಹಿಡಿಯುತ್ತಿದ್ದರು. ಹುಡುಗರು ಬೆನ್ನ ಹಿಂದೆ ಅದನ್ನು ಆಡಿಕೊಳ್ಳುತ್ತಿದ್ದರು. ಆದರೂ ಅವರು ಹಾಗೆ ಶುರುಮಾಡಿದರೆ ಎಲ್ಲರೂ ಕಿವಿಗೊಡುತ್ತಿದ್ದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ, ಎಂದರು ಸರ್. ಅವನಿಗೆ ಒಬ್ಬಳೇ ಮಗಳು. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಹೊಳೆಯಾಚೆಯ ಊರಿಗೆ ಹೋದಳು. ಇನ್ನು ನಾನು ಆ ಹೊಳೆ ದಾಟಿದರೆ ಕೇಳು ಎಂದ ಕುಂಬಾರ. ಮಗಳೂ ಅವನ ಮಗಳೇ ತಾನೆ? ಕರೆಯದೆ ನಾನೂ ದಾಟುವುದಿಲ್ಲ ಎಂದಳು. ಅವಳು ಅಲ್ಲಿ, ಇವನು ಇಲ್ಲಿ. ನಡುವೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ಎರಡೂ ಊರಿಗೆ ಎಣ್ಣೆ ಮಾರುವವನೊಬ್ಬ ಬರುತ್ತಿದ್ದ. ಎಣ್ಣೆಯ ಜೊತೆಗೆ ಜನರ ಮಾತನ್ನೂ ಈಚೆಯಿಂದಾಚೆಗೆ ಒಯ್ಯುತ್ತಿದ್ದ. ಅವನಿಗೆ ಎರಡೂ ಕಡೆ ಒಳ್ಳೆಯ ಹೆಸರು. ಅವನ ಎಣ್ಣೆಯಲ್ಲಿ ಗಸಿ ಇರುತ್ತಿರಲಿಲ್ಲ. ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಉಳಿದದ್ದನ್ನು ಚೆಲ್ಲಿ ತರುತ್ತಿದ್ದ. ಮಾತನ್ನೂ ಹಾಗೆಯೇ ತರುತ್ತಿದ್ದ. “ಆ ಮುದಿಗೂಬೆ ಕಣ್ಣು ಮುಚ್ಚುವ ಮೊದಲು ನನಗೆ ನಾಲ್ಕು ಸೌತೆಬೀಜ ಕಳಿಸಲಿ” ಎಂದು ಆಚೆಯ ಊರಿನ ತಂಗಿಯೊಬ್ಬಳು ಹೇಳಿದರೆ, “ನಿಮ್ಮ ತಂಗಿ ಸೌತೆಬೀಜ ಕೇಳಿದ್ದಾರಮ್ಮ” ಎಂದು ಈಚೆಯ ಊರಿನ ಅಕ್ಕನಿಗೆ ತಲುಪಿಸುತ್ತಿದ್ದ. ಅಕ್ಕ ಬೀಜ ಕಟ್ಟಿಕೊಡುತ್ತಿದ್ದಳು. ಜಗಳಗಳು ಕಡಿಮೆಯಾದವು. ತನ್ನಿಂದ ಲೋಕಕ್ಕೆ ಉಪಕಾರವಾಗುತ್ತಿದೆ ಎಂದು ಎಣ್ಣೆಯವನು ನಂಬಿದ. ಅವನ ನಂಬಿಕೆ ಸುಳ್ಳೂ ಅಲ್ಲ.

ದಾಕ್ಷಾಯಣಿ ಪೆನ್ನಿನ ತುದಿಯನ್ನು ಟಿಕ್ ಟಿಕ್ ಒತ್ತುತ್ತಿದ್ದಳು. ಪಿಚ್ಚರು ನಾಡಿದ್ದು, ಇವರು ನೋಡಿದರೆ ಎಣ್ಣೆ, ಗಸಿ ಎನ್ನುತ್ತಿದ್ದಾರೆ. ಅವಳ ಕಾಲು ತಾನಾಗಿ ಕುಣಿಯುತ್ತಿತ್ತು. ಸರ್ ಅದನ್ನು ನೋಡಿಯೂ ನೋಡದವರ ಹಾಗೆ ಮುಂದುವರಿಸಿದರು.

ಕೆಲವು ವರ್ಷ ಕಳೆದವು. ಮಗಳಿಗೆ ಮಗುವಾಯಿತು. ಮಗು ಕೈಗೆ ಬಂದ ಮೇಲೆ ಅವಳ ಹಟ ಸಡಿಲವಾಯಿತು. ಅವಳು ಎಣ್ಣೆಯವನನ್ನು ಕರೆದು, “ನಮ್ಮಪ್ಪನಿಗೆ ಕೂಸಿನ ಸುದ್ದಿ ಹೇಳು. ಅವನು ಏನಾದರೊಂದು ಮಾತು ಆಡಲಿ. ಅವನಿಗೆ ನಾನಿನ್ನೂ ಮಗಳೇ ಎಂದು ತಿಳಿದರೆ ಸಾಕು, ಅವತ್ತೇ ದೋಣಿ ಹತ್ತುತ್ತೇನೆ” ಎಂದಳು.

ಎಣ್ಣೆಯವನು ಹೊಳೆ ದಾಟಿ ಬಂದು ಹೇಳಿದ. ಕುಂಬಾರ ಚಕ್ರದ ಮುಂದೆ ಕೂತಿದ್ದ. ಅರ್ಧ ಎದ್ದಿದ್ದ ಮಡಕೆಯನ್ನು ಮುದ್ದೆ ಮಾಡಿ ಗೋಡೆಗೆ ಎಸೆದ. “ಆ ಕತ್ತೆಗೆ ಈಗ ನೆನಪಾಯಿತೇ ಅಪ್ಪ? ಹೆತ್ತು ಇಷ್ಟು ದಿನವಾದ ಮೇಲೆ ಎಣ್ಣೆಯವನ ಕೈಯಲ್ಲಿ ಹೇಳಿ ಕಳಿಸುತ್ತಾಳೆಯೇ? ಬಾಣಂತನಕ್ಕೆ ತೌರು ಬೇಡವಾಯಿತೇ ಅವಳಿಗೆ? ಯಾರು ಮಾಡಿದರು ಅವಳ ಬಾಣಂತನ, ಅಲ್ಲಿ ಯಾರಿದ್ದಾರೆ ಅವಳಿಗೆ? ಸೊಕ್ಕಿನವಳು. ಚಿಕ್ಕಂದಿನಿಂದ ಹೀಗೆಯೇ. ಆವಿಗೆಯಿಂದ ಈಗಷ್ಟೇ ತೆಗೆದ ಮಡಕೆ, ಸುಡುತ್ತದೆ, ಮುಟ್ಟಬೇಡ ಎಂದರೆ ಮುಟ್ಟಿಯೇ ನೋಡಬೇಕು. ಕೈ ಸುಟ್ಟುಕೊಂಡು ಅಳದೆ ನಿಲ್ಲಬೇಕು. ಅಂಥ ಹಟಮಾರಿಗೆ ಕೂಸು ಬೇರೆ ಕೇಡು” ಎಂದು ಬೈಯುತ್ತ ಹೋದ. ಅವನ ದನಿ ಏರಿತು, ಒಡೆಯಿತು, ಮತ್ತೆ ಏರಿತು. ಎಲ್ಲ ಬೈದು ಮುಗಿಸಿ ನೀರು ಕುಡಿದ. ಮುಖ ಆ ಕಡೆ ತಿರುಗಿಸಿಕೊಂಡು, “ಕೂಸು ಯಾರ ಹಾಗಿದೆ?” ಎಂದು ಕೇಳಿದ.

ಎಣ್ಣೆಯವನು ಹೊಳೆಯ ಕಡೆ ನಡೆದ. ಅವನ ಕಿವಿಯಲ್ಲಿ ಮಾತೆಲ್ಲ ಗುಂಯ್ ಎನ್ನುತ್ತಿತ್ತು. ಎಳೆ ಬಾಣಂತಿಗೆ ಇದನ್ನೆಲ್ಲ ಹೇಳುವುದುಂಟೇ ಎಂದುಕೊಂಡ. ನಡೆಯುತ್ತ ನಡೆಯುತ್ತ ಸೋಸತೊಡಗಿದ. ಊರ ಬಾಗಿಲು ದಾಟುವಾಗ ಕತ್ತೆಯನ್ನು ಬಿಟ್ಟ. ಹೊಲದ ಬದುವಿನಲ್ಲಿ ಸೊಕ್ಕನ್ನು ಬಿಟ್ಟ. ಬಾಣಂತನದ ಮಾತು ಚುಚ್ಚುಮಾತಾಗಿ ಕಂಡಿತು, ಅದನ್ನೂ ಬಿಟ್ಟ. ಸುಟ್ಟ ಕೈಯ ಮಾತು ಯಾಕೆ ಬೇಕು, ಯಾವ ಕಾಲದ್ದೋ ಅದು. ದೋಣಿ ಹತ್ತುವಷ್ಟರಲ್ಲಿ ಒಂದೇ ಒಂದು ಮಾತು ಉಳಿದಿತ್ತು. ಅದನ್ನು ಬಾಯಲ್ಲಿ ಎರಡು ಸಲ ಆಡಿ ನೋಡಿದ. ಒಳ್ಳೆ ಎಳ್ಳೆಣ್ಣೆಯ ಹಾಗೆ ತಿಳಿಯಾಗಿತ್ತು. ಇಷ್ಟು ಚೆನ್ನಾಗಿ ಯಾವತ್ತೂ ಸೋಸಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. “ಅಪ್ಪ ಏನಂದ?”

“ಕೂಸು ಯಾರ ಹಾಗಿದೆ ಎಂದು ಕೇಳಿದರು ತಾಯಿ.”

“ಆಮೇಲೆ?”

“ಅಷ್ಟೇ.”

“ಬೈಯಲಿಲ್ಲವೇ?”

“ಒಂದು ಕೆಟ್ಟ ಮಾತೂ ಆಡಲಿಲ್ಲ” ಎಂದ ಎಣ್ಣೆಯವನು, ನಗುತ್ತ.

ಮಗಳ ಮುಖ ಸಪ್ಪಗಾಯಿತು. “ನಮ್ಮಪ್ಪ ಬೈಯದೆ ಮಾತಾಡಿಸುವುದು ಮಡಕೆ ಕೊಳ್ಳಲು ಬಂದವರನ್ನು” ಎಂದಳು. “ಕೂಸು ಯಾರ ಹಾಗಿದೆ ಎಂದು ದಾರಿಯಲ್ಲಿ ಹೋಗುವವರೂ ಕೇಳುತ್ತಾರೆ. ನಾನು ಅವನಿಗೆ ಹೊರಗಿನವಳಾದೆ.” ಹಾಗೆಂದು ಒಳಗೆ ಹೋದಳು. ಅವತ್ತು ದೋಣಿ ಹತ್ತಲಿಲ್ಲ, ಮರುದಿನವೂ ಹತ್ತಲಿಲ್ಲ.

ಪೆನ್ನಿನ ಟಿಕ್ ಟಿಕ್ ನಿಂತಿತ್ತು. ದಾಕ್ಷಾಯಣಿಗೆ ಕಪ್ಪು ಬಸಿ ನೆನಪಾಯಿತು. ಚಾಪೆಯ ಮೇಲೆ ಚೆಲ್ಲಿದ ಚಹಾ ನೆನಪಾಯಿತು. ಅವಳು ಏಳಲು ನೋಡಿದಳು. ಸರ್ ಕೈ ಎತ್ತಿ ಕೂರಿಸಿದರು.

ಎಣ್ಣೆಯವನಿಗೆ ಅಂದಿನಿಂದ ನಿಂತಲ್ಲಿ ನಿಲ್ಲಲಾಗದ ಹಾಗಾಯಿತು, ಎಂದರು. ಅಳೆದ ಎಣ್ಣೆ ಕೈ ತಪ್ಪಿ ಚೆಲ್ಲಿತು. ಮುಂದಿನ ಸಲ ಆ ಊರಿಗೆ ಹೋದವನೇ ಮಗಳ ಬಾಗಿಲಿಗೆ ಓಡಿದ. “ತಾಯಿ, ನಿಮ್ಮಪ್ಪ ಬೈದಿದ್ದರು, ಬಹಳ ಬೈದಿದ್ದರು. ನಾನೇ ಬಿಟ್ಟುಬಂದೆ” ಎಂದ. ಮಗಳ ಕಣ್ಣು ಅರಳಿತು. “ಏನೆಂದು ಬೈದ? ಹೇಳು” ಎಂದಳು. ಎಣ್ಣೆಯವನು ಬಾಯಿ ತೆರೆದ. ದಾರಿಯಲ್ಲಿ ಒಂದೊಂದೇ ಬಿಸಾಡಿದ್ದು, ಎಲ್ಲಿಂದ ಹೆಕ್ಕಿ ತರಬೇಕು? ಎಷ್ಟು ತಿಣುಕಿದರೂ ಒಂದೂ ಸಿಗಲಿಲ್ಲ. ಬರಿಗೈಯಲ್ಲಿ ನಿಲ್ಲಲಾರದೆ, “ನೀಚಳು ಅಂದರು, ಪಾಪಿ ಅಂದರು” ಎಂದ.

“ಇದು ನಮ್ಮಪ್ಪನ ಬೈಗುಳವಲ್ಲ. ಇದು ನಿನ್ನದು” ಎಂದಳು ಮಗಳು. “ನನ್ನ ಸಮಾಧಾನಕ್ಕೆ ಇಷ್ಟು ಕಷ್ಟಪಡಬೇಡ.”

ಎಣ್ಣೆಯವನು ಕುಂಬಾರನ ಬಳಿಗೆ ಓಡಿಬಂದ. ಕುಂಬಾರನ ಮನೆಯ ಜಗಲಿಯ ಮೇಲೆ ಮಕ್ಕಳ ಆಟದ ಗಡಿಗೆಗಳು ಸಾಲಾಗಿ ಒಣಗಿ ಕೂತಿದ್ದವು. ಕೂಸಿಗೆಂದು ಮಾಡಿದ್ದವು. ಮಾತು ಕಳಿಸಿದ ಮೇಲೆ ಕುಂಬಾರ ದಿನವೂ ಹೊಳೆಯ ದಂಡೆಗೆ ಹೋಗಿ ಕೂತು, ಬಂದ ಪ್ರತಿ ದೋಣಿಯಲ್ಲೂ ಮಗಳನ್ನು ಹುಡುಕಿದ್ದ. ಆಮೇಲೆ ಹೋಗುವುದನ್ನು ಬಿಟ್ಟಿದ್ದ. ಎಣ್ಣೆಯವನು ಏನನ್ನೂ ಮುಚ್ಚಿಡಲಿಲ್ಲ. ತಾನು ಸೋಸಿದ್ದು, ಮಗಳು ನಂಬದೆ ಹೋದದ್ದು, ಎಲ್ಲ ಹೇಳಿ ಕಾಲು ಹಿಡಿದ. “ಯಜಮಾನರೇ, ಅವತ್ತು ಬೈದಿರಲ್ಲ, ಅದನ್ನೇ ಇನ್ನೊಮ್ಮೆ ಬೈಯಿರಿ. ಈ ಸಲ ಒಂದಕ್ಷರ ಬಿಡದೆ ಒಯ್ಯುತ್ತೇನೆ.”

ಕುಂಬಾರ ಅವನನ್ನು ಎತ್ತಿ ನಿಲ್ಲಿಸಿದ. ಬೈಯಲು ನೋಡಿದ ಎಂದೂ ಹೇಳುತ್ತಾರೆ. “ಅವತ್ತು ಹೊಟ್ಟೆಯಲ್ಲಿ ಉರಿ ಇತ್ತು, ಬೈದೆ” ಎಂದ ಕೊನೆಗೆ. “ದೋಣಿ ಕಾದು ಕಾದು ಆ ಉರಿ ಆರಿಹೋಯಿತು. ಈಗ ಬೈದರೆ ಅದು ವೇಷ ಕಟ್ಟಿದ ಹಾಗೆ. ಬೇಕಾಗಿದ್ದರೆ ಅವಳು ಬೈಗುಳವಿಲ್ಲದೆಯೂ ಬರುತ್ತಿದ್ದಳು. ಹೋಗಲಿ ಬಿಡು. ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಹೇಳಪ್ಪ.” ಎಂದೂ ಇಲ್ಲದವನು ಎಣ್ಣೆಯವನಿಗೆ ಮಣೆ ಹಾಕಿ, ಕುಡಿಯಲು ಮಜ್ಜಿಗೆ ಕೊಟ್ಟು ಕಳಿಸಿದ.

ಎಣ್ಣೆಯವನು ಮತ್ತೆ ಹೊಳೆ ದಾಟಿದ. ದಾರಿಯುದ್ದಕ್ಕೂ ಬಾಯಿ ಬಿಗಿದುಕೊಂಡು ನಡೆದ, ಒಂದು ಮಾತೂ ಜಾರಿ ಬೀಳಬಾರದೆಂದು. ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದಳು.

“ಎಲ್ಲಿದ್ದರೂ ಚೆನ್ನಾಗಿರಲಿ ಎಂದರು” ಎಂದ.

ಮಗಳು ಅವನ ಮುಖವನ್ನೇ ನೋಡಿದಳು. “ನಿಜ ಹೇಳು. ಇದರಲ್ಲಿ ಎಷ್ಟು ಬಿಟ್ಟು ಬಂದಿದ್ದೀಯ?”

“ಈ ಸಲ ಒಂದು ಮಾತನ್ನೂ ಬಿಟ್ಟಿಲ್ಲ, ತಾಯಿ.”

ಮಗಳು ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಬಾಗಿಲು ಮುಚ್ಚಿದಳು.

ಸರ್ ಕತೆ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳತೊಡಗಿದರು. ಹೊರಗೆ ಕಾರಿಡಾರಿನಲ್ಲಿ ಹುಡುಗರು ಯಾವುದೋ ಸ್ಟ್ಯಾಂಡನ್ನು ಎಳೆದುಕೊಂಡು ಹೋದ ಸದ್ದು ಕೇಳಿತು.

ದಾಕ್ಷಾಯಣಿಯ ಕಣ್ಣು ತುಂಬಿತ್ತು. ಅಳು ಬಂದದ್ದು ದುಃಖಕ್ಕಲ್ಲ. ಎರಡು ದಿನ ಹುಡುಕಿದ ಮುಳ್ಳು ಕೊನೆಗೂ ಕೈಗೆ ಸಿಕ್ಕಿತ್ತು. ಶಂಕ್ರವ್ವ ಬೈಯುತ್ತಿದ್ದದ್ದು ತನ್ನವರನ್ನು. ಬೈಗುಳ ತೆಗೆದದ್ದೇ ತಡ, ಪಿಚ್ಚರಿನಲ್ಲಿ ಉಂಡವರೆಲ್ಲ ಯಾರೋ ಗಿರಾಕಿಗಳಾಗಿಬಿಟ್ಟಿದ್ದರು. ಅವರ ಜೊತೆ ತಾನೂ ಗಿರಾಕಿಯಾಗಿದ್ದಳು, ಕಪ್ಪು ಬಸಿಯಲ್ಲಿ ಚಹಾ ಕುಡಿದು ಬಂದಿದ್ದಳು. ನಾಡಿದ್ದು ಆ ನರೆತ ತಲೆಯವರೆಲ್ಲ ಬಂದು ಕೂತು ಯಾರನ್ನು ನೋಡುತ್ತಿದ್ದರು? ಯಾರೋ ಒಬ್ಬ ಸಂಭಾವಿತ ಹೆಂಗಸನ್ನು. ಎಲ್ಲರೂ ಎದ್ದು ಕೈ ಮುಗಿಯುತ್ತಿದ್ದರು, ಮುಂದಿನ ಸಾಲಿನಲ್ಲಿ ಶಂಕ್ರವ್ವ ಅಪರಿಚಿತಳ ಹಾಗೆ ಕೂತಿರುತ್ತಿದ್ದಳು. ಸದ್ಯ, ಸಮಯ ಮೀರಿಲ್ಲ ಎಂದುಕೊಂಡಳು.

“ತಿಳೀತ್ರಿ ಸರ್” ಎಂದು ದಡಬಡ ಎದ್ದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿದು ಮೂಲೆಯ ಪೆಟ್ಟಿಗೆಗೆ ಬಡಿಯಿತು. “ಬೈದದ್ದೆಲ್ಲಾ ಇದ್ದಲ್ಲೇ ಮತ್ತ ಹಾಕಿಬಿಡ್ತೀನ್ರಿ. ಈಗ ಕುಂತ್ರ ನಾಳೆ ಸಂಜಿಯೊಳಗ ಮುಗೀತೈತಿ. ಮೊದಲ ಆ ‘ಕೈ ತೊಳಕೊಂಡು ಬಾ’ ಅನ್ನೂದ ಹಾಕ್ತೀನಿ. ಅದನ್ನ ಕೇಳಿದ್ರ ಎಲ್ಲಾರೂ ನಗ್ತಾರ, ಆಕೀನೂ ನಗ್ತಾಳ.” ಹೇಳುತ್ತ ಹೇಳುತ್ತಲೇ ಕಂಪ್ಯೂಟರಿನ ಮುಂದೆ ಹೋಗಿ ಕೂತಳು, ತೋಳು ಮೇಲೇರಿಸಿಕೊಂಡಳು.

ಸರ್ ಬಗ್ಗಿ ಪೆಟ್ಟಿಗೆಯನ್ನು ಅದರ ಜಾಗಕ್ಕೆ ಸರಿಸಿದರು. ಖಾಲಿ ಮೊಳೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಮನೆಯ ಮಾತಿಗೆ ಮರಳಿ ಮೆಲ್ಲಗೆ ಕೇಳಿದರು:

“ಕತ್ತರಿಸಿದ್ದನ್ನ ಎಲ್ಲಿ ಇಟ್ಟೀ, ತಂಗಿ?”